ಹೆಸರು ಹಾಕಿದರೆ ಸಾಕೇ?

ಶ್ರೋತೃಗಳಿಗೆ ನಮಸ್ಕಾರ.

ಹಾಸನದಲ್ಲಿರುವ ನನ್ನ ಅಕ್ಕನ ಮಗ ಕಳೆದ ಬೇಸಿಗೆ ರಜೆಯಲ್ಲಿ ಮೂರು ವಾರ ಕೂತು ಒಂದು ಬಸ್ಸಿಗೆ ಬಣ್ಣ ಬಳಿದ. ಬಸ್ಸು ಇದ್ದದ್ದು ಅವನ ಮೊಬೈಲಿನೊಳಗೆ. ಇಂಡೊನೇಷ್ಯಾದ ಮಾಲಿಯೊ ಎಂಬ ಸಂಸ್ಥೆ 2017ರಲ್ಲಿ ಹೊರತಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಎಂಬ ಆಟಕ್ಕೆ ಆಡುವವರು ತಮಗೆ ಬೇಕಾದ ವಾಹನಗಳನ್ನೂ ಅವುಗಳ ಮೈಬಣ್ಣವನ್ನೂ ತಾವೇ ತಂದು ಸೇರಿಸಬಹುದು. ಹಾಗಾಗಿ ಅಲ್ಲಿನ ರಸ್ತೆಗಳಲ್ಲಿ ಈಗ ಕೇರಳದ ಪ್ರವಾಸಿ ಬಸ್ಸುಗಳೂ ನಮ್ಮ ಸಾರಿಗೆ ನಿಗಮದ ಕೆಂಪು ಬಸ್ಸುಗಳೂ ಓಡಾಡುತ್ತವೆ. ಈ ಮೈಬಣ್ಣದ ಚಿತ್ರಕ್ಕೆ ಹುಡುಗರು ಲಿವರಿ ಎನ್ನುತ್ತಾರೆ. ಬಸ್ಸಿನ ಚರ್ಮವನ್ನೇ ಸುಲಿದು ನೆಲದ ಮೇಲೆ ಹಾಸಿದಂತೆ ಎರಡು ಪಕ್ಕ, ಮೂತಿ, ಬೆನ್ನು, ಚಾವಣಿ ಎಲ್ಲವೂ ಒಂದೇ ಚಿತ್ರದಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತವೆ. ಕಿಟಕಿಯ ಕೆಳಗಿನ ಪಟ್ಟಿ, ಗಂಡಭೇರುಂಡದ ಗುರುತು, ಹಾಸನ–ಸಕಲೇಶಪುರ ಎಂಬ ಬೋರ್ಡು, ಹಿಂಬದಿಯಲ್ಲಿ ಸ್ವಲ್ಪ ಮಾಸಿದಂತೆ ಕಾಣಬೇಕಾದ ಮಸಿ, ಇಷ್ಟನ್ನೂ ಅವನು ಬೆರಳ ತುದಿಯಲ್ಲೇ ತಿದ್ದಿದ್ದ. ಲಾರಿಗೆ ಬಣ್ಣ ಹೊಡೆಯುವವರು ಮೂಲೆಯಲ್ಲಿ ಸಣ್ಣದಾಗಿ ತಮ್ಮ ‘ಆರ್ಟ್ಸ್’ ಹೆಸರು ಬರೆದುಕೊಳ್ಳುವಂತೆ, ಇವನೂ ಹಿಂದಿನ ಗಾಜಿನ ಕೆಳಗೆ ತನ್ನ ಹೆಸರು ಬರೆದುಕೊಂಡು ಎಲ್ಲರಿಗೂ ಬಿಟ್ಟಿಯಾಗಿ ಹಂಚಿದ.

ಹದಿನೈದು ದಿನ ಕಳೆಯುವುದರೊಳಗೆ ಅದೇ ಬಸ್ಸು ಬೇರೆ ಊರಿನ ಬೋರ್ಡು ಹೊತ್ತು ಬೇರೊಬ್ಬನ ಕೈಯಿಂದ ಹಂಚಿಕೆಯಾಗತೊಡಗಿತು. ಹಿಂದಿನ ಗಾಜಿನ ಕೆಳಗೆ ಹೆಸರಿದ್ದ ಜಾಗಕ್ಕೆ ಕೆಂಪು ಬಣ್ಣದ ಒಂದು ತೇಪೆ ಬಿದ್ದಿತ್ತು, ಸುತ್ತಲಿನ ಕೆಂಪಿಗಿಂತ ಒಂದು ಚೂರು ಗಾಢವಾಗಿ. ಕೇಳಿದ್ದಕ್ಕೆ ಬಂದ ಉತ್ತರ: ‘ಕ್ರೆಡಿಟ್ ತಾನೇ ಗುರು, ಹಾಕ್ತೀನಿ ಬಿಡು.’ ಮರುದಿನ ಹೆಸರು ಹಾಕಿಯೂ ಆಯಿತು. ಆದರೂ ಹುಡುಗನಿಗೆ ಸಮಾಧಾನವಾಗಲಿಲ್ಲ. ಅದು ಯಾಕೆ ಆಗಲಿಲ್ಲ ಎಂಬುದೇ ನನ್ನ ಇವತ್ತಿನ ಮಾತು.

ಇನ್ನೊಬ್ಬರು ತಯಾರಿಸಿದ ಆಟಕ್ಕೆ ಆಡುವವರೇ ಸೇರಿಸುವ ಹೊಸ ಊರು, ಹೊಸ ಪಾತ್ರ, ಹೊಸ ಉಡುಪು, ಹೊಸ ನಿಯಮಗಳಿಗೆ ಮಾಡ್ ಎಂದು ಹೆಸರು. ಮಾರ್ಪಾಡು ಎಂಬ ಅರ್ಥದ ಇಂಗ್ಲಿಷ್ ಪದವನ್ನು ಮೊಟಕು ಮಾಡಿದ್ದು ಅದು. ಕನ್ನಡದ ಕಿವಿಗೆ ಮಾತ್ರ ‘ಮಾಡು’ ಎಂದೇ ಕೇಳಿಸುತ್ತದೆ, ಮತ್ತು ಈ ಲೋಕದ ಮುಕ್ಕಾಲು ಜಗಳಗಳು ‘ಇದು ಯಾರು ಮಾಡಿದ್ದು’ ಎಂಬಲ್ಲಿಗೇ ಬಂದು ನಿಲ್ಲುತ್ತವೆ.

ಇಲ್ಲಿನ ನಡಾವಳಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಇಡ್ ಸಾಫ್ಟ್‌ವೇರ್ 1993ರ ಡಿಸೆಂಬರಿನಲ್ಲಿ ಡೂಮ್ ಎಂಬ ಆಟವನ್ನು ಬಿಡುಗಡೆ ಮಾಡಿದಾಗ, ಆಟದ ಯಂತ್ರವನ್ನು ಒಂದು ಕಡೆಯಲ್ಲೂ ಚಿತ್ರ, ಸದ್ದು, ನಕ್ಷೆಗಳನ್ನು ವ್ಯಾಡ್ ಎಂಬ ಬೇರೆ ಕಡತದಲ್ಲೂ ಇಟ್ಟಿತ್ತು. ಹೊಸ ವ್ಯಾಡ್ ಬರೆದರೆ ಹೊಸ ಲೆವೆಲ್, ಅಂದರೆ ಆಟದ ಹೊಸ ಹಂತ, ಸಿದ್ಧ. ಹೀಗೆ ಬರೆದವರು ತಮ್ಮ ಕಡತದ ಜೊತೆಗೆ ಒಂದು ಸಾದಾ ಪಠ್ಯದ ಚೀಟಿಯನ್ನೂ ಕಳಿಸುವ ವಾಡಿಕೆ ಬೆಳೆಯಿತು. ನಮ್ಮ ತಾಲ್ಲೂಕು ಕಚೇರಿಯ ಅರ್ಜಿ ನಮೂನೆಯಂತೆಯೇ ಅದಕ್ಕೂ ಕಲಮುಗಳಿದ್ದವು: ಮಾಡಿದವರು ಯಾರು, ಇನ್ನಾರಿಗೆ ಕೃತಜ್ಞತೆ ಸಲ್ಲಬೇಕು, ಇದು ಹೊಸದಾಗಿ ಕಟ್ಟಿದ್ದೋ ಹಳೆಯದರ ಮೇಲೆ ಕಟ್ಟಿದ್ದೋ, ಕಟ್ಟಲು ಎಷ್ಟು ಹೊತ್ತು ಹಿಡಿಯಿತು, ಗೊತ್ತಿರುವ ದೋಷಗಳೇನು. ಇವೆಲ್ಲ ಆದ ಮೇಲೆ ಒಂದು ಸಾಲು: ಇದನ್ನು ಬುನಾದಿಯಾಗಿಟ್ಟುಕೊಂಡು ಇತರರು ಮುಂದೆ ಕಟ್ಟಬಹುದು, ಅಥವಾ ಕಟ್ಟಕೂಡದು, ಎರಡರಲ್ಲಿ ಒಂದನ್ನು ಮಾಡಿದವರೇ ಉಳಿಸಬೇಕು. ಕೃತಜ್ಞತೆಗೆ ಒಂದು ಕಲಮು, ಒಪ್ಪಿಗೆಗೆ ಇನ್ನೊಂದು ಎಂಬುದನ್ನು ದಯವಿಟ್ಟು ಗಮನಿಸಿ. ಯಾವ ವಕೀಲರೂ ಹತ್ತಿರವಿಲ್ಲದ ಕಾಲದಲ್ಲಿ ಆಟವಾಡುವ ಹುಡುಗರೇ ಈ ಎರಡನ್ನು ಬೇರೆ ಬೇರೆ ಇಟ್ಟಿದ್ದರು. ಇಂದು ಮಾಡ್‌ಗಳ ದೊಡ್ಡ ಉಗ್ರಾಣವಾಗಿರುವ ನೆಕ್ಸಸ್ ಮಾಡ್ಸ್‌ನಲ್ಲೂ ಇದೇ ವಿಂಗಡಣೆ ಇನ್ನಷ್ಟು ಕವಲೊಡೆದಿದೆ: ಬೇರೆ ಕಡೆ ಏರಿಸಲು ಒಪ್ಪಿಗೆ ಬೇರೆ, ತಿದ್ದಲು ಬೇರೆ, ಬೇರೊಂದು ಆಟಕ್ಕೆ ಹೊಂದಿಸಲು ಬೇರೆ, ಒಳಗಿನ ಚಿತ್ರಗಳನ್ನು ಬಿಡಿಯಾಗಿ ಬಳಸಲು ಬೇರೆ.

ಕಾನೂನು ಇವರ ಪರ ನಿಲ್ಲುತ್ತದೆಯೇ ಎಂದರೆ, ನಿಲ್ಲುವುದು ಕಡಿಮೆ. ಡ್ಯೂಕ್ ನ್ಯೂಕಮ್ 3ಡಿ ಎಂಬ ಆಟಕ್ಕೆ ಆಡುವವರು ತಾವೇ ಲೆವೆಲ್‌ಗಳನ್ನು ರಚಿಸಿ ಅಂತರಜಾಲದಲ್ಲಿ ಹಂಚಿಕೊಳ್ಳುತ್ತಿದ್ದಾಗ, ಮೈಕ್ರೋ ಸ್ಟಾರ್ ಎಂಬ ಕಂಪನಿ ಅಂಥ 300 ಲೆವೆಲ್‌ಗಳನ್ನು ಇಳಿಸಿಕೊಂಡು ಒಂದು ಸಿ.ಡಿ.ಗೆ ತುಂಬಿ ಮಾರಾಟಕ್ಕಿಟ್ಟಿತು. ಆಟದ ಹಕ್ಕು ಹೊಂದಿದ್ದ ಫಾರ್ಮ್‌ಜೆನ್ ಜೊತೆಗಿನ ವ್ಯಾಜ್ಯ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿ, 1998ರಲ್ಲಿ ತೀರ್ಪು ಫಾರ್ಮ್‌ಜೆನ್ ಪರವಾಯಿತು. ಲೆವೆಲ್ ಕಡತದೊಳಗೆ ಆಟದ ಒಂದು ಚಿತ್ರವೂ ಇಲ್ಲ, ಯಾವ ಚಿತ್ರ ಎಲ್ಲಿ ನಿಲ್ಲಬೇಕೆಂಬ ಸೂಚನೆಯಷ್ಟೇ ಇದೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಡ್ಯೂಕ್‌ನ ಹೊಸ ಸಾಹಸಗಳನ್ನು ಹೇಳುವ ಇವು ಮೂಲ ಕಥೆಯ ಮುಂದುವರಿಕೆಗಳೇ, ಆ ಹಕ್ಕು ಮೂಲದವರದು ಎಂದಿತು. ತೀರ್ಪು ಸರಿಯೇ ಇರಬಹುದು. ನನಗೆ ಕುತೂಹಲ ಇರುವುದು ಅಲ್ಲಿ ಕಾಣದವರ ಬಗ್ಗೆ. ಆ 300 ಲೆವೆಲ್‌ಗಳನ್ನು ರಾತ್ರಿ ನಿದ್ದೆಗೆಟ್ಟು ಕಟ್ಟಿದವರು ಆ ಕಟಕಟೆಯಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ. ಮದುವೆ ಮನೆಯಲ್ಲಿ ಅಡುಗೆ ಮಾಡಿದವರನ್ನು ಬಿಟ್ಟು ಬೀಗರಿಬ್ಬರು ಊಟದ ಲೆಕ್ಕಕ್ಕೆ ಜಗಳವಾಡಿದ ಹಾಗೆ. ಇನ್ನೊಂದು ಆಟದ ಕಂಪನಿಯಂತೂ, ವಾರ್‌ಕ್ರಾಫ್ಟ್ ತಯಾರಿಸಿದ ಬ್ಲಿಝಾರ್ಡ್, ತನ್ನ ಆಟದೊಳಗೆ ಆಡುವವರು ಕಟ್ಟುವ ಆಟಗಳೆಲ್ಲ ತನ್ನದೇ ಸ್ವತ್ತು ಎಂದು 2020ರಲ್ಲಿ ನಿಯಮದಲ್ಲೇ ಬರೆದುಬಿಟ್ಟಿತು.

ಕಾನೂನಿನ ಆಸರೆ ಇಷ್ಟು ತೆಳುವಾಗಿರುವುದರಿಂದಲೇ ಮಾಡ್ ಮಾಡುವವರಿಗೆ ಮರ್ಯಾದೆಯ ಕಟ್ಟಳೆ ಅಷ್ಟು ಮುಖ್ಯವಾಗುತ್ತದೆ. ಸ್ಕೈರಿಮ್ ಎಂಬ ಆಟದ ಮಾಡ್‌ಗಳನ್ನು ದುಡ್ಡಿಗೆ ಮಾರುವ ವ್ಯವಸ್ಥೆಯನ್ನು ವಾಲ್ವ್ ಮತ್ತು ಬೆಥೆಸ್ಡಾ ಕಂಪನಿಗಳು 2015ರ ಏಪ್ರಿಲ್ 23ರಂದು ತೆರೆದವು. ಬಂದ ಹಣದಲ್ಲಿ ಮಾಡಿದವರಿಗೆ ಶೇಕಡಾ 25. ಮೊದಲ ಸರಕುಗಳಲ್ಲೇ ಒಂದಾಗಿದ್ದ ಮೀನು ಹಿಡಿಯುವ ಮಾಡ್ ಬೇರೊಬ್ಬರು ಪುಕ್ಕಟೆ ಕೊಟ್ಟಿದ್ದ ಚಲನೆಯ ಕೆಲಸವನ್ನು ಅವರನ್ನು ಕೇಳದೆ ನೆಚ್ಚಿಕೊಂಡಿದೆ ಎಂಬ ತಕರಾರು ಎದ್ದು, ಅದನ್ನು ಮಾರಾಟದಿಂದ ತೆಗೆಯಬೇಕಾಯಿತು. ಏಪ್ರಿಲ್ 27ಕ್ಕೆ ಇಡೀ ವ್ಯವಸ್ಥೆಯೇ ಮುಚ್ಚಿತು. ಜನ ಸಿಟ್ಟಾದದ್ದು ಬೆಲೆಗೆ ಎಂದು ಆಗ ಬಹಳಷ್ಟು ಮಂದಿ ಹೇಳಿದರು, ಅದರಲ್ಲಿ ಸುಳ್ಳಿಲ್ಲ. ಆದರೆ ಮಾಡ್‌ಗಳು ಒಂದರ ಹೆಗಲ ಮೇಲೆ ಒಂದು ನಿಂತಿರುತ್ತವೆ. ಮೇಲಿನವನು ತನ್ನ ಕೆಲಸಕ್ಕೆ ಬೆಲೆ ಕಟ್ಟಿದ ಗಳಿಗೆಯಲ್ಲಿ ಕೆಳಗಿನವನಿಗೆ ತನ್ನ ಹೆಗಲು ನೆನಪಾಗುತ್ತದೆ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ಹೆಸರು ಹಾಕಿದ ಮೇಲೆ ಇನ್ನೇನು ತಕರಾರು ಎನ್ನುವವರಿಗೆ ನನ್ನ ಉತ್ತರ ಇಷ್ಟು: ಕೇಳದೆ ಹಾಕಿದ ಹೆಸರು ಒಮ್ಮೊಮ್ಮೆ ಹೊರೆಯಾಗುತ್ತದೆ. ಫಾಲ್‌ಔಟ್ 4 ಆಟದ ಮಾಡ್‌ಗಳಿಗೆ 2016ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದ ಬಾಗಿಲು ತೆರೆದಾಗ, ಕಂಪ್ಯೂಟರಿಗೆಂದು ಮಾಡಿದ್ದ ಹಲವು ಮಾಡ್‌ಗಳನ್ನು ಯಾರು ಯಾರೋ ಅಲ್ಲಿಗೆ ಏರಿಸಿದರು. ಹೆಸರು ಹಾಕದೆ ಏರಿಸಿದವರು ಕಳ್ಳರು, ಸರಿ. ಹೆಸರು ಹಾಕಿ ಏರಿಸಿದರೂ ಮಾಡಿದವರಿಗೆ ಏನಾಗುತ್ತದೆ ನೋಡಿ. ತಾವು ಪರೀಕ್ಷಿಸದ, ತಮ್ಮ ಮನೆಯಲ್ಲಿ ಇಲ್ಲದ ಯಂತ್ರದಲ್ಲಿ ಆಟ ನಿಂತುಹೋದರೆ ದೂರು ಬರುವುದು ಅವರ ಬಾಗಿಲಿಗೆ. ಸರಿಪಡಿಸಲು ಆ ಕಡತ ಅವರ ಕೈಯಲ್ಲಿಲ್ಲ, ಹೆಸರು ಮಾತ್ರ ಅಲ್ಲಿದೆ. ನನ್ನ ಸೋದರಳಿಯನ ಸಂಕಟವೂ ಇದೇ ಜಾತಿಯದು. ಬದಲಾದ ಬೋರ್ಡಿನಲ್ಲಿ ಊರ ಹೆಸರಿನ ಒತ್ತಕ್ಷರ ತಪ್ಪಿತ್ತು. ಈಗ ಕೆಳಗೆ ಇವನ ಹೆಸರಿರುವುದರಿಂದ ಆ ತಪ್ಪೂ ಇವನ ಲೆಕ್ಕಕ್ಕೇ ಜಮಾ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ಈ ಎರಡು ಎಳೆಗಳನ್ನೂ ಹಿಡಿಯುತ್ತದೆ. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿಕಾರಗೊಳಿಸುವುದನ್ನು ತಡೆಯುವ ಅಧಿಕಾರವೂ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಕಿತ್ತು ಉಗ್ರಾಣಕ್ಕೆ ತಳ್ಳಿದ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ ಸೆಹಗಲ್ ಸರ್ಕಾರದ ವಿರುದ್ಧವೇ ಹೋರಾಡಿ, 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಿಂದ ಶಿಲ್ಪದ ಅವಶೇಷಗಳನ್ನೂ 5 ಲಕ್ಷ ರೂಪಾಯಿ ಪರಿಹಾರವನ್ನೂ ಪಡೆದದ್ದು ಇದೇ ಕಲಮಿನ ಬಲದಿಂದ. ಮೊಬೈಲಿನ ಬಸ್ಸಿಗೆ ಬಣ್ಣ ಬಳಿಯುವ ಹುಡುಗರನ್ನು ನೆನೆದು ಬರೆದ ಕಲಮು ಅದಲ್ಲ ಎಂಬುದು ನಿಜ. ಹೆಸರು, ಮಾಲೀಕತ್ವ, ವಿರೂಪ ಈ ಮೂರೂ ಬೇರೆ ಬೇರೆ ಎಂಬ ತಿಳಿವಳಿಕೆ ಮಾತ್ರ ಎರಡೂ ಕಡೆ ಒಂದೇ.

ಹಾಗೆಂದು ಮಾಡಿದವರ ಮಾತೇ ಕೊನೆಯ ಮಾತು ಎಂದೂ ನಾನು ಹೇಳಲಾರೆ. ನೆಕ್ಸಸ್ ಮಾಡ್ಸ್ 2021ರ ಜುಲೈಯಲ್ಲಿ ಹೊಸ ನಿಯಮ ತಂದು, ಇನ್ನು ಮುಂದೆ ಏರಿಸಿದ ಕಡತವನ್ನು ಪೂರ್ತಿ ಅಳಿಸಲಾಗದು, ಕಣ್ಣಿಗೆ ಬೀಳದಂತೆ ಸರಿಸಿಡಬಹುದಷ್ಟೆ ಎಂದಿತು. ಒಪ್ಪದವರಿಗೆ ಸುಮಾರು ಒಂದು ತಿಂಗಳ ಗಡುವು ಕೊಟ್ಟಿತು. ಕೆಲವರು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯ ತಮಗಿರಬೇಕೆಂಬುದು ಅವರ ವಾದ. ಅತ್ತ ಆ ಮಾಡ್‌ನ ಮೇಲೆ ತಮ್ಮದನ್ನು ನಿಲ್ಲಿಸಿಕೊಂಡವರು ಬೆಳಗಾಗುವುದರೊಳಗೆ ಕಾಲಡಿಯ ನೆಲ ಕುಸಿಯಬಾರದೆಂದು ಕೇಳಿದರೆ ಅದೂ ತಪ್ಪಲ್ಲ. ನನ್ನ ಮನಸ್ಸು ಎರಡನೆಯವರ ಕಡೆಗೆ ಕೊಂಚ ವಾಲುತ್ತದೆ. ಬಿಟ್ಟಿಯಾಗಿ ಕೊಟ್ಟದ್ದು ದಾನವೇ ಆದರೂ, ಜನ ಅದರ ಮೇಲೆ ಮನೆ ಕಟ್ಟಿಕೊಂಡ ಮೇಲೆ ಅಡಿಪಾಯದ ಕಲ್ಲನ್ನು ವಾಪಸು ಕೇಳುವುದು ಕಷ್ಟ.

ಇಷ್ಟೆಲ್ಲ ಮಾತಾಡಿದ ಮೇಲೆ ನಾನು ಹುಡುಗನನ್ನು ಒಂದು ಪ್ರಶ್ನೆ ಕೇಳಿದೆ: ‘ಬಣ್ಣ ನಿನ್ನದು ಸರಿ, ಬಸ್ಸು ಯಾರದಪ್ಪಾ?’ ಅವನು ಸ್ವಲ್ಪ ಹೊತ್ತು ಮೊಬೈಲನ್ನೇ ನೋಡುತ್ತಾ ಕೂತ. ಬಸ್ಸಿನ ಆಕಾರವನ್ನು, ಅಂದರೆ ಬಣ್ಣ ಬಳಿಯುವ ಮುಂಚಿನ ಬೋಳು ಮಾದರಿಯನ್ನು, ಕಟ್ಟಿದವನು ಕೇರಳದ ಒಬ್ಬ ಯುವಕ. ಅವನ ಹೆಸರನ್ನು ಇವನು ಹಾಕಿದ್ದಾನೆ, ಕೇಳಿಲ್ಲ. ಆ ಯುವಕ ನಿಜವಾದ ಬಸ್ಸಿನ ಮೈಕಟ್ಟನ್ನು ನೋಡಿ ಕಟ್ಟಿದ್ದಾನೆ, ಬಾಡಿ ಬಿಲ್ಡರನ್ನು ಕೇಳಿರಲಾರ. ಇನ್ನು ಪಕ್ಕದಲ್ಲಿ ಬರೆದಿರುವ ನಿಗಮದ ಐದು ಇಂಗ್ಲಿಷ್ ಅಕ್ಷರಗಳಿಗಾಗಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ನಿಗಮಗಳೇ ವರ್ಷಗಟ್ಟಲೆ ಕಾದಾಡಿ, ಕೊನೆಗೆ 2023ರ ಡಿಸೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಕೇರಳದ ಅರ್ಜಿಯನ್ನು ವಜಾ ಮಾಡಬೇಕಾಯಿತು. ಹೀಗೆ ಕೆದಕುತ್ತಾ ಹೋದರೆ ಆ ಬಸ್ಸಿನಲ್ಲಿ ಯಾರ ಋಣವೂ ಇಲ್ಲದ ಒಂದು ಮೊಳೆಯಾದರೂ ಸಿಗುತ್ತದೋ ಇಲ್ಲವೋ.

ಅವತ್ತೇ ಅವನು ಆ ಯುವಕನಿಗೆ ಒಂದು ಸಂದೇಶ ಬರೆದ: ‘ಚೇಟ್ಟಾ, ನಿಮ್ಮ ಬಸ್ಸಿಗೆ ನಮ್ಮೂರಿನ ಬಣ್ಣ ಹಾಕಿದ್ದೇನೆ, ಮೊದಲೇ ಕೇಳಬೇಕಿತ್ತು, ಹಂಚಲು ಒಪ್ಪಿಗೆ ಇದೆಯೇ?’ ಹಳೆಯ ಲಿವರಿಯನ್ನು ಹಂಚಿಕೆಯಿಂದ ತೆಗೆದಿಟ್ಟು, ಹೊಸದರ ಜೊತೆಗೆ ಕಳಿಸಲು ಒಂದು ಸಣ್ಣ ಪಠ್ಯದ ಕಡತವನ್ನೂ ಕನ್ನಡದಲ್ಲಿ ಸಿದ್ಧಪಡಿಸಿದ. ಬಣ್ಣ ನನ್ನದು, ಮಾದರಿ ಇವರದು, ಬೋರ್ಡು ಬದಲಿಸಲು ಕೇಳಬೇಕಾಗಿಲ್ಲ, ಮಾರಕೂಡದು, ಬೇರೆ ಏನಾದರೂ ಮಾಡುವುದಿದ್ದರೆ ನನ್ನನ್ನು ಕೇಳಿ, ತಿಂಗಳಾದರೂ ನಾನು ಉತ್ತರಿಸದಿದ್ದರೆ ನಿಮ್ಮಿಷ್ಟ ಎಂದಿದೆ ಅದರಲ್ಲಿ. ಕೇರಳದಿಂದ ಉತ್ತರ ಇನ್ನೂ ಬಂದಿಲ್ಲ. ಹಾಸನ–ಸಕಲೇಶಪುರದ ಬಸ್ಸು ಸದ್ಯಕ್ಕೆ ಅವನ ಮೊಬೈಲಿನಲ್ಲೇ ನಿಂತಿದೆ.

ನಮಸ್ಕಾರ.