ಗಡುವು ಮುಂದೂಡಿ ಎನ್ನುವ ಮುನ್ನ ಸೆಟ್ ಎಣಿಸಿ

ಕೇಳುಗರಿಗೆಲ್ಲ ನಮಸ್ಕಾರ.

ರಸ್ತೆ ಬದಿಯಲ್ಲಿ ಹೊಯ್ಸಳ ಗಾಡಿ ನಿಂತಿರುವಾಗ ಒಳಗಿನಿಂದ ಕರ್ರ್ ಎಂದು ಸದ್ದಾಗಿ, ಹಿಂದೆಯೇ ಯಾರೋ ಗಡಿಬಿಡಿಯಲ್ಲಿ ಮಾತಾಡುವುದನ್ನು ನೀವು ಕೇಳಿರುತ್ತೀರಿ. ಅದು ಪೊಲೀಸರ ನಿಸ್ತಂತು. ನಾವು ವಾಕಿಟಾಕಿ ಎನ್ನುತ್ತೇವೆ, ಅದನ್ನು ಹಿಡಿದು ದುಡಿಯುವವರಿಗೆ ಅದು ಬರೀ 'ಸೆಟ್'. ಇಂಥ ದಿನದೊಳಗೆ ಈ ಸೆಟ್ಟುಗಳನ್ನೆಲ್ಲ ಹೊಸ ಪದ್ಧತಿಗೆ ಬದಲಾಯಿಸಿ ಎಂದು ಸರ್ಕಾರ ಗಡುವು ಕೊಡುತ್ತದೆ. ಗಡುವು ಹತ್ತಿರ ಬಂದಾಗ ಇಲಾಖೆಗಳು 'ಇನ್ನೊಂದಿಷ್ಟು ಕಾಲ ಕೊಡಿ' ಎಂದು ಕೈಮುಗಿಯುತ್ತವೆ. ಯಾಕೆ ಹೀಗಾಗುತ್ತದೆ ಎನ್ನುವುದೇ ಇವತ್ತಿನ ಮಾತು. ಉದಾಹರಣೆಗಳು ಅಮೆರಿಕದವು, ಏಕೆಂದರೆ ಅಲ್ಲಿ ಇದು ಒಂದಲ್ಲ, ಮೂರ್ನಾಲ್ಕು ಬಾರಿ ನಡೆದಿದೆ, ಎಲ್ಲವೂ ಕಾಗದದ ಮೇಲಿದೆ.

ನನ್ನ ಮಾತು ಒಂದೇ. ಗಡುವು ತಪ್ಪುವುದು ಕೊನೆಯ ದಿನವಲ್ಲ. ಸೆಟ್ ಎಣಿಸದೆ ಕೂತ ಮೊದಲ ದಿನವೇ ಅದು ತಪ್ಪಿರುತ್ತದೆ.

ಮೊದಲು ವಿಷಯ ಏನು ಅಂತ ನೋಡೋಣ. ಅಲ್ಲಿ ತರಂಗಾಂತರ ಹಂಚುವ ಸಂಸ್ಥೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ. ಪೊಲೀಸರು, ಅಗ್ನಿಶಾಮಕದವರು, ಟ್ಯಾಕ್ಸಿ, ಕಾರ್ಖಾನೆ, ಎಲ್ಲರ ಹೆಚ್ಚಿನ ಚಾನೆಲ್ಲುಗಳೂ 25 ಕಿಲೋಹರ್ಟ್ಜ್ ಅಗಲ ಇದ್ದವು. ಚಾನೆಲ್ ಬೇಕೆನ್ನುವವರು ಹೆಚ್ಚಾದರು, ಜಾಗ ಉಳಿಯಲಿಲ್ಲ. ಆಗ ಎಫ್‌ಸಿಸಿ ಮಾಡಿದ್ದು ನಮ್ಮೂರ ಬಡಾವಣೆಯಲ್ಲಿ ಮಾಡುವ ಕೆಲಸವನ್ನೇ: ಅರವತ್ತು ನಲವತ್ತರ ಸೈಟನ್ನು ಸೀಳಿ ಎರಡು ಮೂವತ್ತು ನಲವತ್ತು ಮಾಡುವುದು. 25 ಇದ್ದದ್ದು 12.5 ಆಗಬೇಕು, ಇದಕ್ಕೆ ಗಡುವು 2013ರ ಜನವರಿ 1. ಈ ದಿನಾಂಕವನ್ನು ಗೊತ್ತುಮಾಡಿದ್ದು 2004ರ ಕೊನೆಯಲ್ಲಿ. ಅಂದರೆ ಎಂಟು ವರ್ಷ ಕಾಲಾವಕಾಶ! ಅಷ್ಟೇ ಅಲ್ಲ, 1997ರ ಫೆಬ್ರವರಿಯಿಂದಲೇ ಅನುಮೋದನೆಗೆ ಬರುವ ಹೊಸ ಮಾದರಿಯ ಸೆಟ್ಟುಗಳು 12.5ಕ್ಕೂ ಸಿದ್ಧವಾಗಿರಬೇಕು ಎಂಬ ನಿಯಮವಿತ್ತು. ಬಹಳಷ್ಟು ಸೆಟ್ಟುಗಳನ್ನು ಬದಲಾಯಿಸಬೇಕಾಗಿಯೇ ಇರಲಿಲ್ಲ, ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ ಪ್ರೋಗ್ರಾಂ ಬದಲಾಯಿಸಿದರೆ ಸಾಕಿತ್ತು. ಆದರೆ ಯಾವುದಕ್ಕೆ ಪ್ರೋಗ್ರಾಂ ಸಾಕು, ಯಾವುದನ್ನು ಗುಜರಿಗೆ ಹಾಕಬೇಕು ಎಂದು ತಿಳಿಯಲು ಸೆಟ್ಟಿನ ಬೆನ್ನಿಗೆ ಅಂಟಿಸಿರುವ ಮಾದರಿ ಸಂಖ್ಯೆ ಓದಬೇಕು. ಎಣಿಸಬೇಕು ಎಂದೆನಲ್ಲ, ಅದು ಇದೇ.

ಅರ್ಧ ಸೆಟ್ಟುಗಳನ್ನು ಬದಲಾಯಿಸಿ ಅರ್ಧ ಹಾಗೇ ಬಿಟ್ಟರೆ ಏನಾಗುತ್ತದೆ? ಹಳೆಯ ಸೆಟ್ ಮಾತಿಗೆ ತಕ್ಕಂತೆ ತರಂಗಾಂತರವನ್ನು ಐದು ಕಿಲೋಹರ್ಟ್ಜ್‌ವರೆಗೆ ಆಚೀಚೆ ತೂಗಿಸಿ ಕಳಿಸುತ್ತದೆ, ಹೊಸದು ಎರಡೂವರೆವರೆಗೆ. ಹೊಸ ಸೆಟ್ಟಿನಿಂದ ಹೊರಟ ಮಾತು ಹಳೆಯ ಸೆಟ್ಟಿಗೆ ಬಂದರೆ ಸದ್ದು ಅರ್ಧಕ್ಕಿಳಿಯುತ್ತದೆ. ಪೇದೆ ವಾಲ್ಯೂಮ್ ಪೂರ್ತಿ ತಿರುಗಿಸುತ್ತಾನೆ. ಮರುಗಳಿಗೆಯಲ್ಲಿ ಇನ್ನೊಬ್ಬ ಹಳೆಯ ಸೆಟ್ಟಿನಿಂದ ಕರೆದರೆ ಕಿವಿ ಹರಿಯುತ್ತದೆ. ತಿರುಗಾಮುರುಗಾ, ಹಳೆಯದರ ಮಾತು ಹೊಸದಕ್ಕೆ ಬಂದರೆ ಅಕ್ಷರಗಳೇ ಕತ್ತರಿಸಿ ಬೀಳುತ್ತವೆ, ಅದರಲ್ಲೂ ಜೋರಾಗಿ ಕೂಗಿದಾಗ. ಅಪಾಯದಲ್ಲಿರುವವನು ಜೋರಾಗಿಯೇ ಕೂಗುತ್ತಾನೆ ತಾನೆ? ಸಹಾಯ ಬೇಕಾದ ಹೊತ್ತಿನಲ್ಲೇ ಮಾತು ಅರ್ಥವಾಗುವುದಿಲ್ಲ.

ಇನ್ನೊಂದು ಕಾಣದ ತೊಂದರೆಯಿದೆ. ಬಹಳಷ್ಟು ಚಾನೆಲ್ಲುಗಳಿಗೆ ಕಿವಿಗೆ ಕೇಳಿಸದ ಒಂದು ಸಣ್ಣ ಸ್ವರ ಇರುತ್ತದೆ, ಅದು ಬಂದರಷ್ಟೇ ಸೆಟ್ ಬಾಯಿ ತೆರೆಯುತ್ತದೆ. ಅಗಲ ಚಾನೆಲ್ಲಿನಲ್ಲಿ ಅದರ ತೂಗಾಟ 750 ಹರ್ಟ್ಜ್ ಆಸುಪಾಸು, ಕಿರಿದರಲ್ಲಿ ಅದರ ಅರ್ಧದಷ್ಟು. ಹೊಂದಿಕೆ ತಪ್ಪಿದರೆ ಸೆಟ್ ಮೂಕ. ಬ್ಯಾಟರಿ ತುಂಬಿದೆ, ದೀಪ ಉರಿಯುತ್ತಿದೆ, ಮಾತು ಮಾತ್ರ ಇಲ್ಲ. ಇಟ್ಟುಕೊಂಡವನಿಗೆ ಗೊತ್ತೂ ಆಗುವುದಿಲ್ಲ, ಇವತ್ತು ಯಾರೂ ಕರೆದಿಲ್ಲ ಅಂದುಕೊಂಡು ಓಡಾಡುತ್ತಿರುತ್ತಾನೆ.

ಹಾಗಾಗಿ ಎಲ್ಲ ಸೆಟ್ಟುಗಳೂ ಒಟ್ಟಿಗೆ ಬದಲಾಗಬೇಕು. ಒಟ್ಟಿಗೆ ಬದಲಾಗಬೇಕಾದರೆ ಎಷ್ಟಿವೆ ಅಂತ ಗೊತ್ತಿರಬೇಕು.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಸ್ವಲ್ಪ ಉದ್ದ, ತಾಳ್ಮೆ ಇರಲಿ. ಇದು 800 ಮೆಗಾಹರ್ಟ್ಜ್ ಕಥೆ, ಚಾನೆಲ್ ಕಿರಿದು ಮಾಡುವುದಲ್ಲ, ಜಾಗ ಬದಲಾಯಿಸುವುದು. ಅಮೆರಿಕದಲ್ಲಿ ನೆಕ್ಸ್‌ಟೆಲ್ ಅಂತ ಒಂದು ಮೊಬೈಲ್ ಕಂಪನಿ ಇತ್ತು. ಅದು ಟ್ಯಾಕ್ಸಿ, ಲಾರಿ ಕಂಪನಿಗಳಿಗೆ ನಿಸ್ತಂತು ಸೇವೆ ಕೊಡಲು ಮೀಸಲಿದ್ದ ಚಾನೆಲ್ಲುಗಳನ್ನು ಒಂದೊಂದಾಗಿ ಕೊಂಡು, ಅವನ್ನೇ ಜೋಡಿಸಿ ಮೊಬೈಲ್ ಸೇವೆ ಕಟ್ಟಿತು. ಜಾಣತನದ ಕೆಲಸ, ಒಪ್ಪಲೇಬೇಕು. ಆದರೆ ಆ ಚಾನೆಲ್ಲುಗಳು ಪೊಲೀಸರ ಚಾನೆಲ್ಲುಗಳ ನಡುನಡುವೆ ಇದ್ದವು, ಅಕ್ಕಿಯಲ್ಲಿ ಕಲ್ಲು ಬೆರೆತ ಹಾಗೆ. ಪೊಲೀಸರದು ಊರಾಚೆ ಗುಡ್ಡದ ಮೇಲೆ ಒಂದು ಎತ್ತರದ ಗೋಪುರ, ನೆಕ್ಸ್‌ಟೆಲ್‌ನದು ಬೀದಿ ಬೀದಿಯಲ್ಲಿ ತಗ್ಗಿನ ಗೋಪುರ. ಜಾತ್ರೆಯಲ್ಲಿ ಬೆಟ್ಟದ ಮೇಲಿಂದ ಯಾರೋ ನಿಮ್ಮ ಹೆಸರು ಕೂಗುತ್ತಿದ್ದಾರೆ, ನೀವು ನಿಂತಿರುವುದು ಧ್ವನಿವರ್ಧಕದ ಬಾಯಿಗೆ ಕಿವಿ ಕೊಟ್ಟು. ಏನು ಕೇಳಿಸೀತು? ಕಂಪನಿಯ ಗೋಪುರದ ಹತ್ತಿರ ಹೋದ ಪೊಲೀಸನ ಸೆಟ್ ಸುಮ್ಮನಾಗುತ್ತಿತ್ತು.

2004ರಲ್ಲಿ ಎಫ್‌ಸಿಸಿ ತೀರ್ಮಾನ ಕೊಟ್ಟಿತು. ಪೊಲೀಸರೆಲ್ಲ ಕೆಳಗಿನ ತುದಿಗೆ ಸರಿಯಲಿ, ಕಂಪನಿ ಮೇಲಿನ ತುದಿಗೆ ಹೋಗಲಿ, ಖರ್ಚು ಕಂಪನಿಯದು, ಅದಕ್ಕೆ ಬದಲಾಗಿ 1.9 ಗಿಗಾಹರ್ಟ್ಜ್‌ನಲ್ಲಿ 10 ಮೆಗಾಹರ್ಟ್ಜ್ ಜಾಗ ಕಂಪನಿಗೆ. ಸಾರ್ವಜನಿಕ ಸುರಕ್ಷತೆಗೆಂದೇ ಮೀಸಲಿದ್ದ ತರಂಗಾಂತರದ ಒಂದು ಪಟ್ಟಿ ಇಡಿಯಾಗಿ 15 ಮೆಗಾಹರ್ಟ್ಜ್ ಕೆಳಗಿಳಿಯಬೇಕಿತ್ತು: ಸೆಟ್ಟುಗಳು ಮಾತಾಡುತ್ತಿದ್ದ 821ರಿಂದ 824 ಇದ್ದದ್ದು 806ರಿಂದ 809, ಗೋಪುರ ಮಾತಾಡುತ್ತಿದ್ದ 866ರಿಂದ 869 ಇದ್ದದ್ದು 851ರಿಂದ 854. 2005ರ ಜೂನ್ ಕೊನೆಯಲ್ಲಿ ಶುರು, 36 ತಿಂಗಳಲ್ಲಿ ಮುಗಿಯಬೇಕು, 2008ರ ಜೂನ್ 26 ಗಡುವು.

ದುಡ್ಡು ಇನ್ನೊಬ್ಬರದು, ದಿನಾಂಕ ನಿಶ್ಚಯ, ಆದೇಶ ಸ್ಪಷ್ಟ. ಆದರೂ ಮುಗಿಯಲಿಲ್ಲ. ಯಾಕೆ?

ಕೆಲಸ ಹೇಗಿತ್ತು ಕೇಳಿ. ಮನೆಯ ಬೀಗ ಬದಲಾಯಿಸಬೇಕು, ಮನೆಯಲ್ಲಿ ಐನೂರು ಜನ, ಹಗಲು ರಾತ್ರಿ ಓಡಾಡುತ್ತಾರೆ, ಬಾಗಿಲು ಒಂದು ನಿಮಿಷವೂ ಮುಚ್ಚುವಂತಿಲ್ಲ. ಏನು ಮಾಡುತ್ತೀರಿ? ಮೊದಲು ಐನೂರೂ ಗೊಂಚಲಿಗೆ ಹೊಸ ಬೀಗದ ಕೈ ಸೇರಿಸುತ್ತೀರಿ, ಹಳೆಯದೂ ಇರಲಿ ಅಂತ ಬಿಡುತ್ತೀರಿ. ಆಮೇಲೆ ಬೀಗ ಬದಲು. ಆಮೇಲೆ ಮತ್ತೆ ಐನೂರೂ ಗೊಂಚಲು ತರಿಸಿ ಹಳೆಯ ಕೈ ತೆಗೆಯುತ್ತೀರಿ. ಸೆಟ್ಟಿನ ಮಾತೂ ಇದೇ. ಪ್ರತಿ ಸೆಟ್ಟನ್ನೂ ಎರಡು ಸಲ ಮುಟ್ಟಬೇಕು. ಮೊದಲ ಸಲ ಒಳಗಿನ ತಂತ್ರಾಂಶ ಹೊಸದು ಮಾಡಿ ಹಳೆಯ ಚಾನೆಲ್ ಪಕ್ಕದಲ್ಲೇ ಹೊಸದನ್ನು ತುಂಬುವುದು. ಒಂದು ರಾತ್ರಿ ರಿಪೀಟರ್, ಅಂದರೆ ಸೆಟ್ಟಿನ ಮಾತನ್ನು ಹಿಡಿದು ಮತ್ತೆ ದೂರಕ್ಕೆ ಹರಡುವ ಗೋಪುರದ ಯಂತ್ರ, ಹೊಸ ಚಾನೆಲ್ಲಿಗೆ ತಿರುಗುವುದು. ಎರಡನೆಯ ಸಲ ಹಳೆಯದನ್ನು ಅಳಿಸುವುದು. ತಂತ್ರಾಂಶ ಹಿಡಿಸದಷ್ಟು ಹಳೆಯ ಸೆಟ್ ಸಿಕ್ಕರೆ ಹೊಸದನ್ನೇ ಕೊಡಬೇಕು. ಪಕ್ಕದ ಜಿಲ್ಲೆಯ ಪೊಲೀಸರ ಬಳಿಯೂ ನಿಮ್ಮ ಚಾನೆಲ್ ಇರುತ್ತದೆ, ಗಡಿಯಲ್ಲಿ ಒಬ್ಬರಿಗೊಬ್ಬರು ನೆರವಾಗಲು. ಅವರೂ ಬದಲಾಗುವ ತನಕ ನೀವು ಹಳೆಯದನ್ನು ಬಿಡುವಂತಿಲ್ಲ. ಅವರಿಗೆ ಅವರ ಪಕ್ಕದವರು ಕಾಯಿಸುತ್ತಾರೆ.

ಲೆಕ್ಕ ಹಾಕೋಣ. ಒಂದು ಸೆಟ್ಟಿಗೆ 20 ನಿಮಿಷ ಎಂದಿಟ್ಟುಕೊಳ್ಳಿ. 400 ಸೆಟ್ಟಿಗೆ 8000 ನಿಮಿಷ. ಒಬ್ಬ ತಂತ್ರಜ್ಞ ದಿನಕ್ಕೆ ಏಳು ಗಂಟೆ ಬೆನ್ನು ಬಗ್ಗಿಸಿದರೆ 19 ದಿನ. ಎರಡು ಸಲ ಅಂದರೆ 38 ದಿನ. ಇಷ್ಟೇನಾ ಅನ್ನಿಸುತ್ತದೆ. ಆದರೆ ಸೆಟ್ಟುಗಳು ಮೇಜಿನ ಮೇಲೆ ಸಾಲಾಗಿ ಕೂತಿರುವುದಿಲ್ಲ. ಮೂರು ಪಾಳಿಯವರ ಸೊಂಟದಲ್ಲಿವೆ, ರಜೆಯಲ್ಲಿರುವವನ ಬೀರುವಿನಲ್ಲಿವೆ, ರಿಪೇರಿಗೆ ಹೋದ ಜೀಪಿನಲ್ಲಿವೆ, ಹಿಮ ಗುಡಿಸುವ ಲಾರಿಯಲ್ಲೂ ಒಂದಿದೆ. 400 ಎಂದು ಬರೆದುಕೊಟ್ಟ ಇಲಾಖೆಯಲ್ಲಿ ಕೊನೆಗೆ 460 ಸಿಗುತ್ತವೆ. ಆ ಅರವತ್ತು ಎಲ್ಲಿದ್ದವು ಎಂದರೆ ಯಾರ ಬಳಿಯೂ ಉತ್ತರವಿಲ್ಲ. ಎಣಿಸಿರಲಿಲ್ಲ!

ಹೀಗೆ 2008 ಬಂತು, ಗಡುವು ಮುಂದೆ ಹೋಯಿತು. ಮತ್ತೆ ಹೋಯಿತು. ಮೆಕ್ಸಿಕೋ ಗಡಿಯ ಊರುಗಳಿಗೆ ಆ ದೇಶದ ಜೊತೆ ಒಪ್ಪಂದ ಆಗುವುದಕ್ಕೇ 2012 ಬೇಕಾಯಿತು. ಇನ್ನು ತಮಾಷೆ ಕೇಳಿ. 2013ರ ಜೂನ್ 30ಕ್ಕೆ ನೆಕ್ಸ್‌ಟೆಲ್‌ನ ಆ ಹಳೆಯ ಜಾಲವನ್ನೇ ಮುಚ್ಚಿದರು. ಯಾವ ಗಲಾಟೆಯಿಂದ ಪಾರಾಗಲು ಪೊಲೀಸರು ಮನೆ ಬದಲಾಯಿಸಲು ಹೊರಟರೋ ಆ ಗಲಾಟೆ ಎಬ್ಬಿಸಿದ ಜಾಲವೇ ಇಲ್ಲವಾಯಿತು, ಮನೆ ಬದಲಾವಣೆ ಮಾತ್ರ ಮುಂದುವರಿದಿತ್ತು. ನೆಕ್ಸ್‌ಟೆಲ್ಲನ್ನು ಸೇರಿಸಿಕೊಂಡಿದ್ದ ಸ್ಪ್ರಿಂಟ್ ಕಂಪನಿಯೂ 2020ರಲ್ಲಿ ಟಿ-ಮೊಬೈಲಿನಲ್ಲಿ ಕರಗಿತು. ಎಫ್‌ಸಿಸಿ ಈ ಕಡತ ಮುಚ್ಚಿದ್ದು 2021ರ ಏಪ್ರಿಲ್‌ನಲ್ಲಿ. ಮೂರು ವರ್ಷದ ಕೆಲಸಕ್ಕೆ ಹಿಡಿದದ್ದು ಹತ್ತಿರ ಹತ್ತಿರ ಹದಿನಾರು ವರ್ಷ.

ಕಥೆ ಲಂಬಿಸಿತು, ಗಡಿಯಾರ ನನ್ನನ್ನೇ ನೋಡುತ್ತಿದೆ. ಮುಖ್ಯವಾದದ್ದನ್ನು ಬೇಗ ಬೇಗ ಹೇಳುತ್ತೇನೆ.

ಗಡುವು ವಿಸ್ತರಣೆ ಕೇಳುವುದು ಹೇಗೆ? 12.5ರ ಆ 2013ರ ಗಡುವಿಗೆ ಮೊದಲು, 2011ರ ಜುಲೈಯಲ್ಲಿ ಎಫ್‌ಸಿಸಿ ಒಂದು ಪ್ರಕಟಣೆ ಹೊರಡಿಸಿ, ವಿನಾಯಿತಿ ಬೇಕಾದವರು ಏನೇನು ಬರೆಯಬೇಕೆಂದು ಹೇಳಿತು. ಕೈಸೆಟ್ ಎಷ್ಟು, ಗಾಡಿಯ ಸೆಟ್ ಎಷ್ಟು, ಠಾಣೆಯ ಸೆಟ್ ಮತ್ತು ರಿಪೀಟರ್ ಎಷ್ಟು, ಅವುಗಳಲ್ಲಿ 12.5ಕ್ಕೆ ಒಗ್ಗುವುದು ಎಷ್ಟು. ಇದುವರೆಗೆ ಏನು ಮಾಡಿದ್ದೀರಿ. ಹಣ ಎಲ್ಲಿಂದ, ಯಾವಾಗ ಬರುತ್ತದೆ. ಪಕ್ಕದವರಿಗೆ ತೊಂದರೆಯಾಗದಂತೆ ಏನು ಕ್ರಮ. ಯಾವ ದಿನ ಮುಗಿಸುತ್ತೀರಿ. ಗಮನಿಸಿದಿರಾ, ಮೊದಲ ಪ್ರಶ್ನೆಯೇ ಎಷ್ಟು ಅಂತ! 'ಬಜೆಟ್ ಕೊರತೆಯಿಂದಾಗಿ ಕಾಲಾವಕಾಶ ಕೋರುತ್ತೇವೆ' ಎಂಬ ಒಂದು ಸಾಲಿನ ಅರ್ಜಿ ನಡೆಯುವುದಿಲ್ಲ. ನಡೆಯಲೂಬಾರದು. ಎಣಿಸದೆ ವಿಸ್ತರಣೆ ಪಡೆದವರು ಎರಡು ವರ್ಷ ಬಿಟ್ಟು ಅದೇ ಅರ್ಜಿ ಹಿಡಿದು ಅದೇ ಬಾಗಿಲಿಗೆ ಬರುತ್ತಾರೆ.

ವಿಸ್ತರಣೆ ನ್ಯಾಯವಾದ ಸಂದರ್ಭವೂ ಇದೆ. 470ರಿಂದ 512 ಮೆಗಾಹರ್ಟ್ಜ್‌ವರೆಗಿನದನ್ನು ಟಿ-ಬ್ಯಾಂಡ್ ಎನ್ನುತ್ತಾರೆ. ನ್ಯೂಯಾರ್ಕ್, ಬಾಸ್ಟನ್, ಶಿಕಾಗೊ, ಡಲ್ಲಾಸ್, ಸ್ಯಾನ್ ಫ್ರಾನ್ಸಿಸ್ಕೊ ಸೇರಿ 11 ಮಹಾನಗರ ಪ್ರದೇಶಗಳಲ್ಲಿ ಮಾತ್ರ ಇಂಥ ಸೆಟ್ಟುಗಳಿಗೆ ಅದರ ಬಳಕೆ. ಅಲ್ಲೆಲ್ಲ ನಮ್ಮ ಕನ್ನಡದವರೂ ಇದ್ದಾರೆ, ಅವರಿಗೂ ಇದು ಸ್ವಾರಸ್ಯ ಎನಿಸಬಹುದು. 2012ರ ಫೆಬ್ರವರಿಯ ಕಾನೂನೊಂದು ಆ ಜಾಗವನ್ನೇ ಪೊಲೀಸರಿಂದ ವಾಪಸ್ ಪಡೆದು ಹರಾಜು ಹಾಕಬೇಕು ಎಂದಿತು. ಖಾಲಿ ಮಾಡಬೇಕಾದ ಮನೆಗೆ ಯಾರಾದರೂ ಸುಣ್ಣ ಬಳಿಯುತ್ತಾರೆಯೇ? ಎಫ್‌ಸಿಸಿ ಏಪ್ರಿಲ್‌ನಲ್ಲಿ ಅಲ್ಲಿಯವರಿಗೆ 12.5ರ ಗಡುವನ್ನು ತಡೆಹಿಡಿಯಿತು, ಸರಿಯಾಗಿಯೇ ಮಾಡಿತು. ಆ ಕಾನೂನಿನ ಆ ಭಾಗವನ್ನು 2020ರ ಡಿಸೆಂಬರ್‌ನಲ್ಲಿ ಸಂಸತ್ತೇ ರದ್ದು ಮಾಡಿತು, ಅದು ಬೇರೆ ಮಾತು. 700 ಮೆಗಾಹರ್ಟ್ಜ್‌ನಲ್ಲಿ ಇನ್ನೂ ಕಿರಿದು, 6.25ಕ್ಕೆ ಹೋಗಬೇಕೆಂದು 2017ರ ಗಡುವಿತ್ತು, 2014ರಲ್ಲಿ ಅದನ್ನು ಕೈಬಿಟ್ಟರು. ಅದನ್ನು ಇನ್ನು ಬೆಳೆಸುವುದಿಲ್ಲ.

ಸೆಟ್ಟಿಗೆ ಪ್ರೋಗ್ರಾಂ ಬರೆಯಲು ಮೇಜಿನ ಮುಂದೆ ಕೂರುವವರಿಗೆ ನಾಲ್ಕು ಮಾತು. ಪ್ರೋಗ್ರಾಂ ಬರೆಯುವ ಮುನ್ನ ಸೆಟ್ಟಿನಲ್ಲಿರುವುದನ್ನು ಓದಿ, ಸೆಟ್ಟಿನ ಸಂಖ್ಯೆಯ ಹೆಸರಿನಲ್ಲೇ ಕಡತ ಉಳಿಸಿಕೊಳ್ಳಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನೇ ಹಾಕಿ, ತಂತ್ರಾಂಶ ತುಂಬುವಾಗ ನಡುವೆ ಬ್ಯಾಟರಿ ಕೈಕೊಟ್ಟರೆ ಸೆಟ್ ಇಟ್ಟಿಗೆಯಾಗುತ್ತದೆ. ಬರೆದ ಮೇಲೆ ಅಳತೆ ಯಂತ್ರಕ್ಕೆ ಹಿಡಿದು ಮಾತಿನ ತೂಗಾಟ ಎರಡೂವರೆ ಮೀರಿಲ್ಲ ಎಂದು ನೋಡಿ, ಆ ಸಣ್ಣ ಸ್ವರವನ್ನೂ ನೋಡಿ. ಮುಗಿದ ಸೆಟ್ಟಿಗೆ ಬಣ್ಣದ ಚೀಟಿ ಅಂಟಿಸಿ. ಚೀಟಿ ಇಲ್ಲದ ಸೆಟ್ ಕಂಡರೆ ಯಾವ ಪೇದೆಯಾದರೂ ತಂದುಕೊಡಬಹುದು.

ಪರವಾನಗಿ ಮರೆಯಬೇಡಿ. ಸೆಟ್ ಬದಲಾಯಿಸಿ ಕಾಗದ ಬದಲಾಯಿಸದವರು ಬಹಳ. ಅಲ್ಲಿ ಅದಕ್ಕೆ 601 ನಂಬರಿನ ನಮೂನೆ, ಅದರಲ್ಲಿ ಪ್ರಸಾರದ ಅಗಲ ಹೇಳುವ ಸಂಕೇತ 20ಕೆ0ಎಫ್3ಇ ಎಂದಿದ್ದದ್ದು 11ಕೆ2ಎಫ್3ಇ ಆಗಬೇಕು. ಹಳೆಯದೇ ಉಳಿದರೆ ಸೆಟ್ ಸರಿಯಿದ್ದರೂ ಕಾಗದದ ಮೇಲೆ ನೀವು ಇನ್ನೂ 25ರಲ್ಲೇ ಇದ್ದೀರಿ.

ಚಾನೆಲ್ ಕಿರಿದಾದ ಮೇಲೆ ವ್ಯಾಪ್ತಿಯೂ ಸ್ವಲ್ಪ ತಗ್ಗುತ್ತದೆ, ಊರ ಅಂಚಿನಲ್ಲಿ, ನೆಲಮಾಳಿಗೆಗಳಲ್ಲಿ. ಅಲ್ಲಿ ಹೆಚ್ಚುವರಿ ರಿಸೀವರ್ ಬೇಕಾಗುತ್ತದೆ, ಅದನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ. ಸ್ವಯಂಸೇವಕ ಅಗ್ನಿಶಾಮಕರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರ್‌ಗಳ ಬಗ್ಗೆ ಹೇಳಲು ಹೊತ್ತಿಲ್ಲ. ಅವೂ ಅದೇ ಚಾನೆಲ್ಲನ್ನೇ ಕೇಳುತ್ತವೆ, ಹಳೆಯವನ್ನು ಕಿರಿದು ಮಾಡಲು ಬರುವುದಿಲ್ಲ, ಹೊಸದೇ ಬೇಕು. ಅವನ್ನೂ ಎಣಿಸಿ.

ನಮಸ್ಕಾರ.