ಚೆಂಡಿನ ಗಾಳಿ ಯಾರು ಇಳಿಸಿದರು? ಡಿಫ್ಲೇಟ್‌ಗೇಟ್ ಮತ್ತು ಎರಡು ಗೇಜ್‌ಗಳ ಕಥೆ

[ತೆರೆಯ ಮೇಲೆ: ಮಳೆಯಲ್ಲಿ ನೆನೆದ ಸ್ಟೇಡಿಯಂ. ಅಕ್ಷರಗಳು: ಫಾಕ್ಸ್‌ಬರೋ, ಮಸಾಚುಸೆಟ್ಸ್, 18 ಜನವರಿ 2015]

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಚೆಂಡಿನ ಒಳಗಿನ ಗಾಳಿ. ಹನ್ನೊಂದು ಚೆಂಡುಗಳಲ್ಲಿ ಗಾಳಿ ಸ್ವಲ್ಪ ಕಡಿಮೆ ಇತ್ತು ಅಂತ ಶುರುವಾದ ಒಂದು ಗಲಾಟೆ ಒಂದೂವರೆ ವರ್ಷ ನಡೆಯಿತು. ಫೆಡರಲ್ ಕೋರ್ಟ್ ಮೆಟ್ಟಿಲು ಹತ್ತಿತು. ಅಮೆರಿಕದ ದೊಡ್ಡ ಆಟಗಾರರಲ್ಲಿ ಒಬ್ಬರಾದ ಟಾಮ್ ಬ್ರೇಡಿಯನ್ನು ನಾಲ್ಕು ಪಂದ್ಯ ಹೊರಗೆ ಕೂರಿಸಿತು. ಅಲ್ಲಿಯ ಪತ್ರಿಕೆಗಳು ಇದಕ್ಕೆ ಡಿಫ್ಲೇಟ್‌ಗೇಟ್ ಅಂತ ಹೆಸರಿಟ್ಟವು.

ಬ್ರೇಡಿ ಮೋಸ ಮಾಡಿದರಾ ಇಲ್ಲವಾ ಅನ್ನುವ ಚರ್ಚೆ ಬೇಕಾದಷ್ಟು ಆಗಿದೆ. ನನಗೆ ಅದಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಬೇರೆ. ಒಬ್ಬ ಆಟಗಾರ ಚೆಂಡು ಕೆಡಿಸಿದ ಅಂತ ಹೇಳುವ ಮುಂಚೆ, ಆ ಚೆಂಡನ್ನು ನೀವು ಸರಿಯಾಗಿ ಅಳೆದಿದ್ದೀರಾ?

ಮೊದಲು ಆಟದ ಬಗ್ಗೆ ಎರಡು ಮಾತು. ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಅಮೆರಿಕನ್ ಫುಟ್‌ಬಾಲ್. ಚೆಂಡು ಮೊಟ್ಟೆಯಾಕಾರ, ಹೊರಗೆ ದನದ ಚರ್ಮ, ಒಳಗೆ ಗಾಳಿ ತುಂಬುವ ಬ್ಲಾಡರ್. ವಿಲ್ಸನ್ ಕಂಪನಿ ಇವನ್ನು ಒಹಾಯೋ ರಾಜ್ಯದ ಏಡಾ ಅನ್ನುವ ಊರಿನಲ್ಲಿ ತಯಾರಿಸುತ್ತದೆ. ಕ್ವಾರ್ಟರ್‌ಬ್ಯಾಕ್ ಅನ್ನುವ ಆಟಗಾರ ಈ ಚೆಂಡನ್ನು ಕೈಯಲ್ಲಿ ಹಿಡಿದು ದೂರಕ್ಕೆ ಎಸೆಯುತ್ತಾನೆ. ಹಿಡಿತ ಚೆನ್ನಾಗಿದ್ದರೆ ಎಸೆತ ಚೆನ್ನಾಗಿರುತ್ತದೆ. ಚೆಂಡು ಸ್ವಲ್ಪ ಮೆತ್ತಗಿದ್ದರೆ ಕೆಲವರಿಗೆ ಹಿಡಿತ ಸುಲಭ. ಎಲ್ಲರಿಗೂ ಹಾಗಲ್ಲ. ಗ್ರೀನ್ ಬೇ ತಂಡದಲ್ಲಿದ್ದ ಆ್ಯರನ್ ರಾಜರ್ಸ್‌ಗೆ ಗಟ್ಟಿ ಚೆಂಡೇ ಇಷ್ಟ ಅಂತ ಅವರೇ ಹೇಳಿದ್ದರು.

ಎನ್‌ಎಫ್‌ಎಲ್ ಲೀಗಿನ ನಿಯಮ ಹೇಳುವುದು ಇಷ್ಟು: ಚೆಂಡಿನ ಒತ್ತಡ 12.5ರಿಂದ 13.5 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒಳಗೆ ಇರಬೇಕು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇನ್ನೊಂದು ವಿಷಯ ವಿಚಿತ್ರ ಅನಿಸುತ್ತದೆ. ಕ್ರಿಕೆಟ್‌ನಲ್ಲಿ ಒಂದು ಇನ್ನಿಂಗ್ಸ್‌ನ ಚೆಂಡು ಅಂಪೈರ್ ಕೈಯಿಂದ ಬರುತ್ತದೆ. ಇಲ್ಲಿ ಹಾಗಿಲ್ಲ. ಪ್ರತಿ ತಂಡವೂ ತನ್ನ ಚೆಂಡುಗಳನ್ನು ತಾನೇ ತರುತ್ತದೆ, ತಾನು ದಾಳಿ ಮಾಡುವಾಗ ಅವನ್ನೇ ಬಳಸುತ್ತದೆ. 2006ರ ತನಕ ಎಲ್ಲಾ ಚೆಂಡುಗಳನ್ನು ಆತಿಥೇಯ ತಂಡವೇ ಕೊಡುತ್ತಿತ್ತು. ಆ ನಿಯಮ ಬದಲಾಗಲಿ ಅಂತ ಓಡಾಡಿದವರಲ್ಲಿ ಬ್ರೇಡಿ ಮತ್ತು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಮುಖ್ಯರು. ತಂಡದವರು ಹೊಸ ಚೆಂಡನ್ನು ಉಜ್ಜುತ್ತಾರೆ, ಒದ್ದೆ ಮಾಡುತ್ತಾರೆ, ಬ್ರಷ್ ಹಾಕುತ್ತಾರೆ, ತಮ್ಮ ಕ್ವಾರ್ಟರ್‌ಬ್ಯಾಕ್ ಕೈಗೆ ಒಗ್ಗುವ ಹಾಗೆ ಪಳಗಿಸುತ್ತಾರೆ. ಇದಕ್ಕೆಲ್ಲ ಅನುಮತಿ ಇದೆ. ಒದೆಯುವ ಆಟಗಾರರಿಗೆ ಮಾತ್ರ ಆಗ ಇಷ್ಟು ಸ್ವಾತಂತ್ರ್ಯ ಇರಲಿಲ್ಲ. ಅವರು ಚೆಂಡನ್ನು ಬಿಸಿ ಮಾಡಿ, ಬಡಿದು ಮೆತ್ತಗೆ ಮಾಡುತ್ತಿದ್ದಾರೆ ಅಂತ 1999ರಲ್ಲಿ ಲೀಗ್ ಒದೆಯುವುದಕ್ಕೆಂದೇ ಬೇರೆ ಚೆಂಡುಗಳನ್ನು ತಂದಿತು. ಅವುಗಳಿಗೆ ಕೆ-ಬಾಲ್ ಅಂತ ಹೆಸರು. ಅಂದರೆ ಚೆಂಡನ್ನು ತಮಗೆ ಬೇಕಾದ ಹಾಗೆ ಮಾಡಿಕೊಳ್ಳುವ ಆಸೆ ಹೊಸದೇನಲ್ಲ.

[ತೆರೆಯ ಮೇಲೆ: ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 45, ಇಂಡಿಯಾನಾಪೊಲಿಸ್ ಕೋಲ್ಟ್ಸ್ 7]

ಈಗ ಆ ರಾತ್ರಿಗೆ ಬರೋಣ. ಎಎಫ್‌ಸಿ ಫೈನಲ್, ಅಂದರೆ ಲೀಗಿನ ಎರಡು ಗುಂಪುಗಳಲ್ಲಿ ಒಂದರ ಫೈನಲ್. ಗೆದ್ದವರು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ. ಪೇಟ್ರಿಯಟ್ಸ್ ಚೆಂಡುಗಳ ಮೇಲೆ ಅನುಮಾನ ಇದೆ ಅಂತ ಕೋಲ್ಟ್ಸ್ ಪಂದ್ಯಕ್ಕೆ ಮುಂಚೆಯೇ ಲೀಗಿಗೆ ತಿಳಿಸಿತ್ತು. ಮೊದಲಾರ್ಧದಲ್ಲಿ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಬ್ರೇಡಿ ಎಸೆದ ಒಂದು ಚೆಂಡನ್ನು ಕೋಲ್ಟ್ಸ್ ಆಟಗಾರ ಡಿಕ್ವೆಲ್ ಜಾಕ್ಸನ್ ಮಧ್ಯದಲ್ಲೇ ಹಿಡಿದುಬಿಟ್ಟರು. ಅದು ಕೋಲ್ಟ್ಸ್ ಸಿಬ್ಬಂದಿ ಕೈಗೆ ಹೋಯಿತು. ಅವರು ಅಳೆದು ನೋಡಿದರು, ಗಾಳಿ ಕಡಿಮೆ ಇತ್ತು. ದೂರು ಹೋಯಿತು. ಅರ್ಧ ವಿರಾಮದಲ್ಲಿ ರೆಫರಿಗಳ ಕೋಣೆಗೆ ಚೆಂಡುಗಳು ಬಂದವು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಡೀ ಪ್ರಕರಣ ನಿಂತಿರುವುದು ಈ ಕೆಲವು ನಿಮಿಷಗಳ ಮೇಲೆ.

ಇಬ್ಬರು ಅಧಿಕಾರಿಗಳು, ಇಬ್ಬರ ಕೈಯಲ್ಲೂ ಒಂದೊಂದು ಗೇಜ್. ಎರಡೂ ರೆಫರಿ ವಾಲ್ಟ್ ಆ್ಯಂಡರ್ಸನ್ ಅವರವೇ. ಒಂದರ ಹಿಂದೆ ವಿಲ್ಸನ್ ಲೋಗೋ ಇತ್ತು, ಅದರ ಸೂಜಿ ಉದ್ದ, ಸ್ವಲ್ಪ ಸೊಟ್ಟ. ಇನ್ನೊಂದಕ್ಕೆ ಲೋಗೋ ಇಲ್ಲ, ಸೂಜಿ ಗಿಡ್ಡ. ಪೇಟ್ರಿಯಟ್ಸ್‌ನ 11 ಚೆಂಡುಗಳನ್ನು ಅಳೆದರು. ಎರಡೂ ಗೇಜ್‌ನಲ್ಲಿ ಅಷ್ಟೂ ಚೆಂಡು 12.5ಕ್ಕಿಂತ ಕಡಿಮೆ. ಒಂದು ಗೇಜ್‌ನ ಸರಾಸರಿ 11.49, ಇನ್ನೊಂದರದು 11.11. ಅದೇ ಕೋಣೆ, ಅದೇ ಹೊತ್ತು, ಅದೇ ಚೆಂಡು. ಆದರೂ ಎರಡು ಗೇಜ್‌ಗಳ ನಡುವೆ ಹತ್ತಿರ ಹತ್ತಿರ 0.4 ಪಿಎಸ್‌ಐ ವ್ಯತ್ಯಾಸ!

ಕೋಲ್ಟ್ಸ್ ಚೆಂಡುಗಳ ಸರದಿ ಆಮೇಲೆ ಬಂತು. ನಾಲ್ಕು ಅಳೆಯುವಷ್ಟರಲ್ಲಿ ಸಮಯ ಮುಗಿಯಿತು. ಒಂದು ಗೇಜ್ ಪ್ರಕಾರ ನಾಲ್ಕೂ ಸರಿ. ಇನ್ನೊಂದರ ಪ್ರಕಾರ ನಾಲ್ಕರಲ್ಲಿ ಮೂರು 12.5ಕ್ಕಿಂತ ಕೆಳಗೆ. ಅಂದರೆ ಕೋಲ್ಟ್ಸ್ ಕೂಡ ನಿಯಮ ಮುರಿದಿತ್ತಾ? ಯಾರೂ ಹಾಗೆ ಕೇಳಲಿಲ್ಲ.

[ತೆರೆಯ ಮೇಲೆ: ಸ್ಕೂಟರ್ ಟೈರ್, ಪಕ್ಕದಲ್ಲಿ ಗೇಜ್. ಮುಳ್ಳು ಸೊನ್ನೆಯಲ್ಲಿ]

ಈಗ ಸ್ವಲ್ಪ ಭೌತಶಾಸ್ತ್ರ. ಹೆದರಬೇಡಿ, ಹೈಸ್ಕೂಲು, ಪಿಯುಸಿಯಲ್ಲಿ ಓದಿದ್ದೇ. ನಿಮ್ಮ ಸ್ಕೂಟರ್ ಟೈರ್ ಪೂರ್ತಿ ಪಂಕ್ಚರ್ ಆಗಿದ್ದಾಗ ಗೇಜ್ ಸೊನ್ನೆ ತೋರಿಸುತ್ತದೆ. ಆದರೆ ಒಳಗೆ ಗಾಳಿ ಇರುತ್ತದೆ, ಹೊರಗಿನ ವಾತಾವರಣದ್ದೇ ಒತ್ತಡದಲ್ಲಿ. ಅದು ಸುಮಾರು 14.7 ಪಿಎಸ್‌ಐ. ಗೇಜ್ ತೋರಿಸುವುದು ಅದರ ಮೇಲಿನ ಲೆಕ್ಕ ಮಾತ್ರ. ಹಾಗಾಗಿ ಗೇಜ್‌ನಲ್ಲಿ 12.5 ಇದ್ದರೆ, ಚೆಂಡಿನ ಒಳಗೆ ನಿಜವಾದ ಒತ್ತಡ 27.2.

ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕಲು ತಾಪಮಾನವನ್ನು ಕೆಲ್ವಿನ್‌ನಲ್ಲಿ ತೆಗೆದುಕೊಳ್ಳಬೇಕು. ಚೆಂಡು ಪರೀಕ್ಷೆಯಾದ ಕೋಣೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್, ಅಂದರೆ 295 ಕೆಲ್ವಿನ್. ಮೈದಾನದಲ್ಲಿ ಸುಮಾರು 9 ಡಿಗ್ರಿ, 282 ಕೆಲ್ವಿನ್. 27.2 ಅನ್ನು 282ರಿಂದ ಗುಣಿಸಿ 295ರಿಂದ ಭಾಗಿಸಿ. ಬರುವುದು 26. ಅದರಿಂದ 14.7 ಕಳೆಯಿರಿ. ಉಳಿದದ್ದು 11.3.

ಯಾರೂ ಸೂಜಿ ಚುಚ್ಚದೆ, ಯಾರೂ ಮುಟ್ಟದೆ, ಬರೀ ಚಳಿಗೆ 12.5 ಇದ್ದದ್ದು 11.3ಕ್ಕೆ ಬರುತ್ತದೆ. ಮೇಲೆ ಮಳೆ ಬೇರೆ. ಒದ್ದೆ ಚರ್ಮ ಇನ್ನೂ ಬೇಗ ತಣ್ಣಗಾಗುತ್ತದೆ. ಇನ್ನೊಂದು ಕಡೆ, ಚೆಂಡನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಒತ್ತಡ ಮತ್ತೆ ಏರಲು ಶುರು. ಆಮೇಲೆ ಅಳೆದ ಕೋಲ್ಟ್ಸ್ ಚೆಂಡುಗಳಲ್ಲಿ ಜಾಸ್ತಿ ಒತ್ತಡ ಇದ್ದದ್ದಕ್ಕೆ ಇದೂ ಒಂದು ಕಾರಣ. ಯಾವ ಚೆಂಡನ್ನು ಯಾವ ನಿಮಿಷದಲ್ಲಿ ಅಳೆದರು ಅಂತ ಯಾರೂ ಬರೆದಿಟ್ಟಿಲ್ಲ.

ಈಗ ಅಸಲು ಪ್ರಶ್ನೆ. ಪಂದ್ಯಕ್ಕೆ ಮುಂಚೆ ಆ್ಯಂಡರ್ಸನ್ ಯಾವ ಗೇಜ್ ಬಳಸಿದ್ದರು? ಪಂದ್ಯಕ್ಕೆ ಮುಂಚಿನ ಅಂಕಿಗಳನ್ನೂ ಅವರು ಬರೆದಿಟ್ಟಿರಲಿಲ್ಲ. ಆಗ ಹಾಗೆ ಬರೆಯಬೇಕು ಅನ್ನುವ ಪದ್ಧತಿಯೇ ಇರಲಿಲ್ಲ. ಲೋಗೋ ಇದ್ದ ಗೇಜ್ ಬಳಸಿದ ನೆನಪು ಅಂತ ಅವರು ಹೇಳಿದರು. ಅದು ನಿಜವಾದರೆ ವಿರಾಮದಲ್ಲೂ ಅದೇ ಗೇಜ್‌ನ ಅಂಕಿ ನೋಡಬೇಕು. ಅದರ ಸರಾಸರಿ 11.49. ಚಳಿಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಇನ್ನೊಂದು ಗೇಜ್ ಬಳಸಿದ್ದರೆ 11.11. ಆಗ ಸ್ವಲ್ಪ ಗಾಳಿಗೆ ಲೆಕ್ಕ ಸಿಗುವುದಿಲ್ಲ.

ಲೀಗ್ ನೇಮಿಸಿದ ವಕೀಲ ಟೆಡ್ ವೆಲ್ಸ್ 2015ರ ಮೇ 6ರಂದು 243 ಪುಟದ ವರದಿ ಕೊಟ್ಟರು. ಅವರು ರೆಫರಿಯ ಬಹುಪಾಲು ಮಾತನ್ನು ನಂಬಿದರು, ಗೇಜ್ ವಿಷಯದಲ್ಲಿ ಮಾತ್ರ ಅವರ ನೆನಪು ತಪ್ಪು ಅಂದರು. ಅದಕ್ಕೆ ಅವರದ್ದೂ ಒಂದು ತರ್ಕ ಇತ್ತು. ಎರಡೂ ತಂಡದವರು ತಾವು ಹೊಂದಿಸಿದ್ದೇವೆ ಅಂತ ಹೇಳಿದ ಅಂಕಿಯೇ ರೆಫರಿಗೂ ಬಂದಿತ್ತು. ಲೋಗೋ ಗೇಜ್ ಯಾವಾಗಲೂ ಜಾಸ್ತಿ ತೋರಿಸುತ್ತದೆ, ಅದನ್ನು ಬಳಸಿದ್ದರೆ ಅಂಕಿ ಜಾಸ್ತಿ ಬರಬೇಕಿತ್ತು ಅನ್ನುವುದು ವಾದ. ತರ್ಕ ಪೂರ್ತಿ ಟೊಳ್ಳಲ್ಲ, ಒಪ್ಪುತ್ತೇನೆ. ಆದರೆ ಯೋಚಿಸಿ. ಒಬ್ಬ ಮನುಷ್ಯನ ಹೆಸರು ಉಳಿಯುತ್ತದಾ ಹೋಗುತ್ತದಾ ಅನ್ನುವುದು ಯಾವ ಸೂಜಿ ಬಳಸಿದರು ಅನ್ನುವ ಊಹೆಗೆ ಬಂದು ನಿಂತಿತು. ಇದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ಪೇಟ್ರಿಯಟ್ಸ್ ಮೇಲೆ ಅನುಮಾನ ಪಡಲು ಕಾರಣವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕ್ಲಬ್‌ನ ಒಬ್ಬ ಸಹಾಯಕ ರೆಫರಿಗೆ ಹೇಳದೆ ಚೆಂಡಿನ ಚೀಲ ತೆಗೆದುಕೊಂಡು ಹೋಗಿದ್ದರು. ದಾರಿಯಲ್ಲಿ ಬಾತ್‌ರೂಮ್‌ಗೆ ಹೊಕ್ಕು ಸುಮಾರು 1 ನಿಮಿಷ 40 ಸೆಕೆಂಡ್ ಒಳಗಿದ್ದರು. ಸಿಸಿಟಿವಿಯಲ್ಲಿ ದಾಖಲಾಗಿದೆ. ಅದೇ ವ್ಯಕ್ತಿ 2014ರ ಒಂದು ಮೆಸೇಜ್‌ನಲ್ಲಿ ತನ್ನನ್ನು ತಾನು ಗಾಳಿ ಇಳಿಸುವವನು ಅಂತ ಕರೆದುಕೊಂಡಿದ್ದರು. ಅದು ತೂಕ ಇಳಿಸುವ ಮಾತು ಅಂತ ಕ್ಲಬ್ ಕೊಟ್ಟ ವಿವರಣೆ ನನಗೂ ನಂಬುವುದು ಕಷ್ಟ. ಬ್ರೇಡಿ ತಮ್ಮ ಹಳೆಯ ಫೋನ್ ನಾಶ ಮಾಡಿಸಿದ್ದರು, ಅದೂ ತನಿಖೆ ನಡೆಯುತ್ತಿದ್ದಾಗ. ಈ ಮೆಸೇಜ್‌ಗಳ ಹಿಂದೆ ಇನ್ನೊಂದು ಘಟನೆಯೂ ಇದೆ. 2014ರ ಅಕ್ಟೋಬರ್‌ನಲ್ಲಿ ಜೆಟ್ಸ್ ವಿರುದ್ಧದ ಪಂದ್ಯದಲ್ಲಿ ಚೆಂಡುಗಳು ವಿಪರೀತ ಗಟ್ಟಿಯಾಗಿದ್ದವು. ಒಂದರಲ್ಲಿ ಹತ್ತಿರ ಹತ್ತಿರ 16 ಪಿಎಸ್‌ಐ ಇತ್ತಂತೆ. ಬ್ರೇಡಿ ಸಿಟ್ಟಾಗಿದ್ದರು. ಆವತ್ತು ಚೆಂಡು ಗಟ್ಟಿಯಾಗಿತ್ತು ಅಂತ ಯಾರಿಗೂ ಶಿಕ್ಷೆ ಆಗಲಿಲ್ಲ.

ವರದಿಯ ತೀರ್ಮಾನದ ಭಾಷೆ ಗಮನಿಸಿ. ಸಿಬ್ಬಂದಿ ಗಾಳಿ ಇಳಿಸಿರುವ ಸಾಧ್ಯತೆ ಇಳಿಸದೇ ಇರುವುದಕ್ಕಿಂತ ಹೆಚ್ಚು. ಬ್ರೇಡಿಗೆ ಇದರ ಬಗ್ಗೆ ಕನಿಷ್ಠ ಸ್ಥೂಲವಾಗಿಯಾದರೂ ಗೊತ್ತಿದ್ದಿರುವ ಸಾಧ್ಯತೆ ಹೆಚ್ಚು. ಇಷ್ಟೇ. ಇದರ ಮೇಲೆ ಬಂದ ಶಿಕ್ಷೆ: ಬ್ರೇಡಿಗೆ ನಾಲ್ಕು ಪಂದ್ಯ ನಿಷೇಧ, ಕ್ಲಬ್‌ಗೆ 10 ಲಕ್ಷ ಡಾಲರ್ ದಂಡ, ಜೊತೆಗೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಎರಡು ಅವಕಾಶ ಕಟ್. ಚೆಂಡು ಕೆಡಿಸುವುದಕ್ಕೆ ಲೀಗಿನ ಕೈಪಿಡಿಯಲ್ಲಿ ಹೆಸರಿಸಿದ್ದ ದಂಡ 25,000 ಡಾಲರ್.

[ತೆರೆಯ ಮೇಲೆ: ಬ್ರಿಸ್ಬೇನ್, ಜನವರಿ 2004]

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರನ್ನು ನೆನಪು ಮಾಡಿಕೊಳ್ಳಿ. 2004ರಲ್ಲಿ ಬ್ರಿಸ್ಬೇನ್‌ನಲ್ಲಿ ಜಿಂಬಾಬ್ವೆ ವಿರುದ್ಧದ ಪಂದ್ಯದಲ್ಲಿ ಬಾಯಲ್ಲಿದ್ದ ಲೋಝೆಂಜ್‌ನ ಅಂಟು ಚೆಂಡಿಗೆ ತಾಗಿತು. ಕ್ಯಾಮೆರಾ ಹಿಡಿಯಿತು. ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡ. 2018ರ ಕೇಪ್ ಟೌನ್‌ನಲ್ಲಿ ಆಸ್ಟ್ರೇಲಿಯಾದವರ ಮರಳು ಕಾಗದವನ್ನೂ ಕ್ಯಾಮೆರಾ ಹಿಡಿಯಿತು. ಶಿಕ್ಷೆ ಜಾಸ್ತಿಯಾಯಿತಾ ಕಡಿಮೆಯಾಯಿತಾ ಅಂತ ಜಗಳ ಆಡಬಹುದು. ಆದರೆ ಏನು ನಡೆಯಿತು ಅಂತ ಎಲ್ಲರ ಕಣ್ಣಿಗೂ ಬಿದ್ದಿತ್ತು. ಫಾಕ್ಸ್‌ಬರೋದಲ್ಲಿ ಗಾಳಿ ಇಳಿಸಿದ್ದನ್ನು ಯಾರೂ ನೋಡಿಲ್ಲ. ಅನುಮಾನಗಳನ್ನು ಬಿಟ್ಟರೆ ಇದ್ದದ್ದು ಅಂಕಿಗಳು ಮಾತ್ರ. ಹಾಗಾದಾಗ ಅಂಕಿಗಳಾದರೂ ಗಟ್ಟಿ ಇರಬೇಕು, ಅಲ್ವಾ?

ಆ ಅಂಕಿಗಳನ್ನು ಲೀಗ್ ಹೇಗೆ ನಡೆಸಿಕೊಂಡಿತು ಕೇಳಿ. ಪಂದ್ಯದ ಮರುದಿನ ಪೇಟ್ರಿಯಟ್ಸ್‌ಗೆ ಬರೆದ ಪತ್ರದಲ್ಲಿ ಒಂದು ಚೆಂಡಿನಲ್ಲಿ 10.1 ಇತ್ತು, ಕೋಲ್ಟ್ಸ್ ಚೆಂಡುಗಳೆಲ್ಲ ಸರಿ ಇದ್ದವು ಅಂತ ಹೇಳಿತ್ತು. ಎರಡೂ ತಪ್ಪು. ಆಮೇಲೆ ಟಿವಿಯಲ್ಲಿ 12ರಲ್ಲಿ 11 ಚೆಂಡುಗಳಲ್ಲಿ ತಲಾ ಎರಡು ಪಿಎಸ್‌ಐ ಕಡಿಮೆ ಅನ್ನುವ ಸುದ್ದಿ ಓಡಿತು. ಅದೂ ತಪ್ಪು. ಒಂದೇ ಒಂದು ಚೆಂಡು, ಅದೂ ಒಂದೇ ಗೇಜ್‌ನಲ್ಲಿ ಅಷ್ಟು ಕೆಳಗಿತ್ತು. ನಿಜವಾದ ಅಂಕಿಗಳು ಲೀಗಿನ ಕೈಯಲ್ಲೇ ಇದ್ದವು. ಮೇ ತಿಂಗಳ ತನಕ ಜನರಿಗೆ ತೋರಿಸಲಿಲ್ಲ. ಅಷ್ಟರಲ್ಲಿ ದೇಶಕ್ಕೆ ದೇಶವೇ ತೀರ್ಪು ಕೊಟ್ಟಾಗಿತ್ತು. ನನಗೆ ನಿಜಕ್ಕೂ ಬೇಸರ ಆಗುವುದು ಇಲ್ಲಿ.

ಗಾಳಿಯಿಂದ ಪಂದ್ಯದ ಫಲಿತಾಂಶ ಬದಲಾಯಿತಾ? ವಿರಾಮದಲ್ಲಿ ಚೆಂಡುಗಳಿಗೆ ಮತ್ತೆ ಗಾಳಿ ತುಂಬಿಸಿದರು. ಆಗ ಸ್ಕೋರ್ 17–7. ಆ ಗಟ್ಟಿ ಚೆಂಡುಗಳಲ್ಲಿ ಪೇಟ್ರಿಯಟ್ಸ್ ಇನ್ನೂ 28 ಪಾಯಿಂಟ್ ಹೊಡೆಯಿತು. ಕೋಲ್ಟ್ಸ್ ಸೊನ್ನೆ.

ಕೋರ್ಟ್ ಕಥೆ ಬೇಗ ಹೇಳುತ್ತೇನೆ. 2015ರ ಸೆಪ್ಟೆಂಬರ್ 3ರಂದು ನ್ಯಾಯಾಧೀಶ ರಿಚರ್ಡ್ ಬರ್ಮನ್ ನಿಷೇಧ ರದ್ದು ಮಾಡಿದರು. 2016ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟ್ 2–1 ಬಹುಮತದಲ್ಲಿ ಅದನ್ನು ಮತ್ತೆ ಜಾರಿ ಮಾಡಿತು. ಗಾಳಿ ಇಳಿಸಿದ್ದು ನಿಜವೋ ಸುಳ್ಳೋ ಅಂತ ಆ ಕೋರ್ಟ್ ತೀರ್ಮಾನಿಸಲಿಲ್ಲ. ಆಟಗಾರರ ಸಂಘ ಮತ್ತು ಲೀಗ್ ಮಾಡಿಕೊಂಡ ಒಪ್ಪಂದದ ಪ್ರಕಾರ ಶಿಕ್ಷೆ ಕೊಡುವ ಅಧಿಕಾರ ಕಮಿಷನರ್ ರಾಜರ್ ಗೂಡೆಲ್‌ಗೆ ಇದೆ ಅಂತಷ್ಟೇ ಹೇಳಿತು. ಶಿಕ್ಷೆಯ ಮೇಲಿನ ಮೇಲ್ಮನವಿಯನ್ನು ಲೀಗಿನೊಳಗೆ ಕೇಳಿದವರೂ ಅದೇ ಗೂಡೆಲ್. ಜುಲೈನಲ್ಲಿ ಬ್ರೇಡಿ ಹೋರಾಟ ಬಿಟ್ಟರು. 2016ರ ಸೀಸನ್‌ನ ಮೊದಲ ನಾಲ್ಕು ಪಂದ್ಯ ಹೊರಗಿದ್ದರು. ವಾಪಸ್ ಬಂದು, 2017ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ 28–3 ಹಿಂದಿದ್ದ ತಂಡವನ್ನು 34–28ಕ್ಕೆ ಗೆಲ್ಲಿಸಿದರು.

ಈ ಗಲಾಟೆಯಿಂದ ಒಂದು ಒಳ್ಳೆಯ ಕೆಲಸ ಆಯಿತು. 2015ರಿಂದ ಚೆಂಡುಗಳಿಗೆ ನಂಬರ್ ಹಾಕುತ್ತಾರೆ. ಒತ್ತಡ ಅಳೆದು ಬರೆದಿಡುತ್ತಾರೆ. ಪಂದ್ಯ ಶುರುವಾಗುವ ತನಕ ಚೆಂಡುಗಳು ಲೀಗಿನವರ ಕಾವಲಲ್ಲಿರುತ್ತವೆ. ಕೆಲವು ಪಂದ್ಯಗಳನ್ನು ಆರಿಸಿ ವಿರಾಮದಲ್ಲೂ ಅಳೆಯುತ್ತಾರೆ. ಜನವರಿ 18ಕ್ಕೆ ಮುಂಚೆ ಇದರಲ್ಲಿ ಅರ್ಧ ಇದ್ದಿದ್ದರೂ ಸಾಕಿತ್ತು.

ಹಾಗಾದರೆ 2015ರ ಸೀಸನ್‌ನಲ್ಲಿ ಚಳಿಯ ಊರುಗಳಲ್ಲಿ, ಯಾರೂ ಮುಟ್ಟದ ಚೆಂಡುಗಳ ಒತ್ತಡ ಎಷ್ಟು ಇಳಿಯಿತು? ಬ್ರೇಡಿ ಪ್ರಕರಣಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಲೀಗ್ ಆ ಅಂಕಿಗಳನ್ನು ಪ್ರಕಟಿಸಲೇ ಇಲ್ಲ. ಅವು ಸುಮ್ನೆ ಎಚ್ಚರಿಕೆಗೆ ಮಾಡಿದ ತಪಾಸಣೆ, ಸಂಶೋಧನೆ ಅಲ್ಲ ಅನ್ನುವುದು ಗೂಡೆಲ್ ಕೊಟ್ಟ ಉತ್ತರ. ಇದನ್ನು ಅವರು ಹೇಳಿದ್ದು 2016ರ ಆರಂಭದಲ್ಲಿ. ಬ್ರೇಡಿ ನಾಲ್ಕು ಪಂದ್ಯ ಹೊರಗೆ ಕೂತದ್ದು ಅದೇ ವರ್ಷದ ಸೆಪ್ಟೆಂಬರ್‌ನಿಂದ.