ನಾಯಿ ಕ್ರಾಸ್ ಮಾಡಿಸುವ ಮೊದಲು

ಕೇಳುಗರೇ, ನಮಸ್ಕಾರ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಈಗ ಊರ ನಾಯಿಯ ಜೊತೆ ಡಾಬರ್‌ಮನ್ ಕೂಡ ಇರುತ್ತದೆ. ಮರಿ ಮಾಡಿಸಿ ಮಾರುವವರೂ ಇದ್ದಾರೆ. ಇವತ್ತಿನ ಮಾತು ಹೆಚ್ಚಾಗಿ ಅವರಿಗೆ, ರಕ್ತ ಬೇಗ ನಿಲ್ಲದ ಒಂದು ವಂಶಪಾರಂಪರ್ಯ ಕಾಯಿಲೆ ಮತ್ತು ಅದರ ಜೀನ್ ಪರೀಕ್ಷೆಯ ಬಗ್ಗೆ.

ನಾಯಿಯ ಮೂಗಿನಲ್ಲಿ ರಕ್ತ ಬಂದರೆ ನಮಗೆ ಮೊದಲು ನೆನಪಾಗುವುದು ಉಣ್ಣಿ ಜ್ವರ. ಅದು ಸರಿಯೇ, ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಇಳಿಯುತ್ತದೆ. ಇನ್ನೊಂದು ಇಲಿ ಪಾಷಾಣ. ತೋಟದಲ್ಲಿಟ್ಟ ಬ್ರೋಮಾಡಿಯೋಲೋನ್ ತಿಂದ ನಾಯಿಗೆ ಕೆಲವು ದಿನ ಕಳೆದ ಮೇಲೆ ರಕ್ತ ಸೋರತೊಡಗುತ್ತದೆ. ಅದಕ್ಕೆ ವಿಟಮಿನ್ ಕೆ ಮದ್ದಿದೆ. ಇವೆರಡೂ ಅಲ್ಲವೆಂದಾದರೆ ಹುಟ್ಟಿನಿಂದ ಬಂದ ದೋಷ ಇದೆಯಾ ಎಂದು ನೋಡಬೇಕು.

ನಾಯಿಗಳಲ್ಲಿ ಅಂಥದ್ದು ಹೆಚ್ಚಾಗಿ ಕಾಣುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. 1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಇದನ್ನು ಮನುಷ್ಯರಲ್ಲಿ ಗುರುತಿಸಿ ಬರೆದರು. ರಕ್ತದಲ್ಲಿ ಒಂದು ಪ್ರೋಟೀನ್ ಇದೆ. ರಕ್ತನಾಳ ಹರಿದಲ್ಲಿ ಪ್ಲೇಟ್‌ಲೆಟ್‌ಗಳನ್ನು ಅಂಟಿನ ಹಾಗೆ ಹಿಡಿದು ನಿಲ್ಲಿಸುವುದು ಅದೇ. ಡಾಬರ್‌ಮನ್‌ಗಳಲ್ಲಿ ಅದು ಕಡಿಮೆ ಇರಬಹುದು. ಸ್ಕಾಟಿಷ್ ಟೆರಿಯರ್‌ಗಳಲ್ಲಿ ಕೆಲವಕ್ಕೆ ಪೂರ್ತಿ ಇಲ್ಲ, ಅವುಗಳ ಪಾಡು ಕಷ್ಟ.

ಡಾಬರ್‌ಮನ್‌ನ ಕಾಯಿಲೆ ಒಂಥರಾ ಮೋಸಗಾರ. ನಾಯಿ ಓಡುತ್ತದೆ, ಉಣ್ಣುತ್ತದೆ, ಶೋನಲ್ಲಿ ಬಹುಮಾನವನ್ನೂ ತರುತ್ತದೆ. ಸಂತಾನಹರಣದ ಆಪರೇಶನ್ ಆದಾಗಲೋ, ಬಾಲ ಕತ್ತರಿಸಿದಾಗಲೋ ರಕ್ತ ನಿಲ್ಲುವುದಿಲ್ಲ. (ಬಾಲ ಯಾಕೆ ಕತ್ತರಿಸಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ, ಅದು ಬೇರೆ ಮಾತು.) ಮೊದಲೇ ಗೊತ್ತಿದ್ದರೆ ಡಾಕ್ಟರು ಆ ಪ್ರೋಟೀನ್ ಏರಿಸುವ ಡೆಸ್ಮೊಪ್ರೆಸಿನ್ ಮದ್ದು ಕೊಟ್ಟು, ಪ್ಲಾಸ್ಮಾ (ರಕ್ತದ ದ್ರವಭಾಗ) ಸಿದ್ಧ ಇಟ್ಟುಕೊಂಡು ಕತ್ತರಿ ಹಿಡಿಯಬಹುದು. ಇಂಥ ನಾಯಿಗೆ ನೋವೆಂದು ಸುಮ್ನೆ ಆಸ್ಪಿರಿನ್ ನುಂಗಿಸಬೇಡಿ, ರಕ್ತ ಇನ್ನೂ ಜಾಸ್ತಿ ಹೋಗುತ್ತದೆ.

ಇನ್ನು ಲೆಕ್ಕ. ಆ ಪ್ರೋಟೀನ್ ತಯಾರಿಸುವ ಜೀನ್ ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಒಂದೇ ಕೆಟ್ಟಿದ್ದರೆ ಆ ನಾಯಿ ಕ್ಯಾರಿಯರ್. ಎರಡೂ ಕೆಟ್ಟಿದ್ದರೆ ರೋಗದ ಅಪಾಯ. ಎರಡು ಕ್ಯಾರಿಯರ್‌ಗಳನ್ನು ಕೂಡಿಸಿದರೆ ಹುಟ್ಟುವ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಆ ಅಪಾಯ ಇದೆ. ಕ್ಯಾರಿಯರನ್ನು ದೋಷವಿಲ್ಲದ ನಾಯಿಗೆ ಕೂಡಿಸಿದರೆ ಎರಡೂ ಕೆಟ್ಟ ಮರಿ ಹುಟ್ಟುವುದಿಲ್ಲ. ಹಾಗಾಗಿ ಕ್ಯಾರಿಯರ್ ಎಂದು ಗೊತ್ತಾದ ಕೂಡಲೇ ಒಳ್ಳೆಯ ನಾಯಿಯನ್ನು ಮೂಲೆಗೆ ತಳ್ಳುವುದು ದಡ್ಡತನ ಅಂತಲೇ ನನ್ನ ಅಭಿಪ್ರಾಯ. ಎಲ್ಲರೂ ಹಾಗೆ ಮಾಡಿದರೆ ತಳಿ ಕಿರಿದಾಗಿ ಬೇರೆ ರೋಗಗಳು ತಲೆ ಎತ್ತುತ್ತವೆ. ಜೋಡಿ ಸರಿಯಾಗಿ ಆರಿಸಿ, ಮರಿಗಳನ್ನೂ ಪರೀಕ್ಷಿಸಿದರೆ ಸಾಕು.

ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಇದೆ ಎಂದು ಕೆಲವರು ಎದೆ ತಟ್ಟುತ್ತಾರೆ. ಅದು ವಂಶ ಹೇಳುತ್ತದೆ, ಜೀನ್ ಹೇಳುವುದಿಲ್ಲ. ಜೀನ್ ಪರೀಕ್ಷೆಯ ವರದಿ ಬೇರೆಯೇ, ಅದರಲ್ಲಿ ನಾಯಿಯ ಮೈಕ್ರೋಚಿಪ್ ನಂಬರ್ ಇದೆಯಾ ನೋಡಿ. ಗಂಡು ನಾಯಿಯ ಯಜಮಾನರ ಹತ್ತಿರ ಕೇಳಲು ನಾಚಿಕೆ ಬೇಡ.

ಪರೀಕ್ಷೆ ಜೀವಮಾನಕ್ಕೆ ಒಂದೇ ಸಲ. ಕೆನ್ನೆಯ ಒಳಭಾಗಕ್ಕೆ ಬ್ರಷ್ ಉಜ್ಜಿ ಲ್ಯಾಬಿಗೆ ಕಳಿಸಿದರಾಯಿತು. ಹಾಲು ಕುಡಿಯುವ ಮರಿಯಾದರೆ ಉಜ್ಜುವ ಮೊದಲು ಸ್ವಲ್ಪ ಹೊತ್ತು ತಾಯಿಯಿಂದ ಬೇರೆ ಇಡಿ, ಇಲ್ಲದಿದ್ದರೆ ತಾಯಿಯ ಜೀವಕೋಶ ಬೆರೆತು ಫಲಿತಾಂಶ ಕೆಡಬಹುದು. ವರದಿ ಬರಲು ದಿನ ಹಿಡಿಯುತ್ತದೆ, ಹೆಣ್ಣು ಬೆದೆಗೆ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ. ಅದಕ್ಕೆ ಮೊದಲೇ ಕಳಿಸಿ.

ನಮಸ್ಕಾರ.